ಒಂದೂ ಹತ್ತರ ಟ್ರಿಪ್ಪು

ಕಲೀಂ ಸಾಬರು ನಡುಮನೆಯಲ್ಲಿ ಕೂತು ಬಸ್ಸು ಓಡಿಸುತ್ತಾರೆ ಎಂಬ ಸುದ್ದಿ ಗಂಜಾಂ ತುಂಬ ಹರಡಲು ಒಂದು ವಾರವೂ ಬೇಕಾಗಲಿಲ್ಲ. ಶುಕ್ರವಾರ ಒಂದನ್ನು ಬಿಟ್ಟು ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಅವರು ಹಳೆಯ ಖಾಕಿ ಅಂಗಿ ತೊಟ್ಟು, ಹೆಂಡತಿ ಅಖ್ತರ್ ಬೇಗಂ ಅವರ ಹೊಲಿಗೆ ಮಿಷನ್ನಿನ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಮೇಜಿನ ಮೇಲೆ ಮಗಳ ಹಳೆಯ ಲ್ಯಾಪ್‌ಟಾಪು, ಅದರ ಮುಂದೆ ಮೇಜಿನ ಅಂಚಿಗೆ ಬಿಗಿದ, ಊಟದ ತಟ್ಟೆಯಷ್ಟು ಅಗಲದ ಸ್ಟೇರಿಂಗು. ಕಿಟಕಿಯಲ್ಲಿ ಇಣುಕಿದವರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಅರವತ್ತಮೂರರ ಮನುಷ್ಯ ಆಟದ ಸಾಮಾನು ಹಿಡಿದು ಕೂತರೆ ನಗದೆ ಇನ್ನೇನು ಮಾಡುತ್ತಾರೆ. ಆದರೆ ನಕ್ಕವರಲ್ಲಿ ಅರ್ಧ ಜನ ಅವರ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡೇ ಕಾಲೇಜು ಮುಗಿಸಿದವರು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಸಾಬರ ತಂದೆ ನಿಮಿಷಾಂಬ ದೇವಸ್ಥಾನಕ್ಕೆ ಭಕ್ತರನ್ನು ಕರೆದೊಯ್ಯುವ ಜಟಕಾ ಹೊಡೆಯುತ್ತಿದ್ದವರು. ಮಗ ಹದಿನಾರಕ್ಕೆ ಬಸ್ಸಿನ ಕ್ಲೀನರಾದ, ಇಪ್ಪತ್ತೇಳಕ್ಕೆ ಡ್ರೈವರಾದ. ಅಲ್ಲಿಂದ ಮೂವತ್ತೊಂದು ವರ್ಷ ಒಂದೇ ದಾರಿ. ಶ್ರೀರಂಗಪಟ್ಟಣ, ಪಾಂಡವಪುರ, ಚಿನಕುರಳಿ, ಬೂಕನಕೆರೆ, ಕೆ.ಆರ್.ಪೇಟೆ, ಕೊನೆಗೆ ನಾಗಮಂಗಲ. ಖಾಸಗಿ ಬಸ್ಸು, ಮೈಗೆ ಹಳದಿ ಪಟ್ಟಿ. ಅದರ ಎಂಜಿನ್ನು ಎರಡು ಸಲ ಬದಲಾಯಿತು, ಬಾಡಿ ಒಂದು ಸಲ ಹೊಸದಾಯಿತು, ಮಾಲೀಕರೂ ಬದಲಾದರು. ಬದಲಾಗದೆ ಉಳಿದದ್ದು ಸ್ಟೇರಿಂಗಿನ ಹಿಂದೆ ಕೂತ ಕಲೀಂ ಸಾಬರು ಮಾತ್ರ. ಐದು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಎಡಗಣ್ಣನ್ನು ಮಂಜು ಮಾಡಿತು. ಲೈಸೆನ್ಸು ಮತ್ತೆ ಸಿಗಲಿಲ್ಲ.

ಮನೆಯಲ್ಲಿ ಕೂತ ಮೇಲೆ ಅವರನ್ನು ನೋಡಲಾಗುತ್ತಿರಲಿಲ್ಲ. ಹನ್ನೆರಡಾಯಿತೆಂದರೆ ಬಲಗಾಲು ತಾನೇ ನೆಲ ಒತ್ತುತ್ತಿತ್ತು. ಮಗಳು ಅಲ್ಮಾಸ್ ಪಾಂಡವಪುರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದಳು. ಅಪ್ಪನ ಒದ್ದಾಟ ನೋಡಲಾರದೆ ಅವಳೇ ತನ್ನ ಹಳೆಯ ಲ್ಯಾಪ್‌ಟಾಪಿಗೆ ಬಸ್ಸು ಓಡಿಸುವ ಆಟ ಹಾಕಿಕೊಟ್ಟಳು. ಮೊದಮೊದಲು ಯಾವುದೋ ಬಿಳಿಯರ ಊರಿನ ರಸ್ತೆ. ಸಾಬರಿಗೆ ರುಚಿಸಲಿಲ್ಲ. ಹುಡುಕುತ್ತ ಹೋದ ಅಲ್ಮಾಸ್‌ಗೆ ಕೆ.ಆರ್.ಪೇಟೆಯ ಚೈತನ್ಯ ಎಂಬ ತರುಣ ಇದೇ ಸೀಮೆಯ ರಸ್ತೆಯನ್ನು ಅಳತೆಗೆ ಅಳತೆ ಮಾಡಿ, ಬೇಕಾದವರು ಆಟಕ್ಕೆ ಸೇರಿಸಿಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದು ಸಿಕ್ಕಿತು.

ಆ ದಿನ ಪರದೆಯ ಮೇಲೆ ಕಿರಂಗೂರು ದಾಟಿ ಕುಂತಿಬೆಟ್ಟ ಕಂಡಾಗ ಕಲೀಂ ಸಾಬರು ಅತ್ತರು. ಅಳು ಮುಗಿಸಿ, ನಾಲೆ ಸೇತುವೆ ಹತ್ತಿರದ ಹಂಪು ಇವನು ಹಾಕಿಲ್ಲ ಎಂದು ತಕರಾರು ತೆಗೆದರು. ಆಮೇಲೆ ಅವರಿಗೆ ಇನ್ನೇನೂ ಬೇಕಾಗಲಿಲ್ಲ.

ಒಂದು ತೊಡಕಿತ್ತು. ಕಂಡಕ್ಟರು ಬಸ್ಸಿನ ಪಕ್ಕೆಗೆ ಅಂಗೈಯಿಂದ ಎರಡು ಸಲ ತಟ್ಟದೆ ಯಾವ ಡ್ರೈವರನೂ ಗಾಡಿ ಎತ್ತುವುದಿಲ್ಲ. ಎರಡು ತಟ್ಟಿದರೆ ಹೊರಡು. ಒಂದೇ ತಟ್ಟಿದರೆ ನಿಲ್ಲು, ಯಾರೋ ಹತ್ತುವವರೋ ಇಳಿಯುವವರೋ ಇದ್ದಾರೆ. ಆಟದಲ್ಲಿ ಕಂಡಕ್ಟರಿಲ್ಲ. ಸಾಬರು ಪಾಂಡವಪುರದ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲಿಸಿಕೊಂಡು ಸುಮ್ಮನೆ ಕೂತುಬಿಡುತ್ತಿದ್ದರು, ಕೈ ಗೇರಿಗೆ ಹೋಗದು. ಎರಡು ದಿನ ನೋಡಿದ ಅಖ್ತರ್ ಬೇಗಂ ಮೂರನೆಯ ದಿನ ಅಡುಗೆಮನೆಯಿಂದಲೇ ಸೌಟಿನಲ್ಲಿ ಬಾಗಿಲ ಚೌಕಟ್ಟಿಗೆ ಎರಡು ಸಲ ಬಡಿದು, "ರೈಟ್, ಹೋಗ್ರೀ, ಸಾರು ಸೀದೋಯ್ತದೆ" ಅಂದರು. ಗಾಡಿ ಹೊರಟಿತು. ಅಂದಿನಿಂದ ಆ ಮನೆಯ ಕಂಡಕ್ಟರು ಅವರೇ. ಮೂವತ್ತೈದು ವರ್ಷದ ಸಂಸಾರದಲ್ಲಿ ಗಂಡನ ಕೆಲಸ ಏನೆಂದು ಕಣ್ಣಿಂದ ನೋಡಿದ್ದು ಈಗಲೇ ಎಂದು ಅವರು ನೆರೆಯವರ ಹತ್ತಿರ ಹೇಳಿಕೊಂಡರು.

ಇಷ್ಟಾದರೂ ಆ ಬಸ್ಸು ಒಂದು ದಿನವೂ ಬೂಕನಕೆರೆ ಮುಟ್ಟಲಿಲ್ಲ.

ಚಿನಕುರಳಿ ದಾಟಿ ಸ್ವಲ್ಪ ಮುಂದೆ ಹೋದರೆ ರಸ್ತೆ ಎಡಕ್ಕೆ ತಿರುಗುತ್ತದೆ. ತಿರುವಿನಲ್ಲಿ ಒಂದು ಹುಣಸೆಮರ, ಅದರ ಕೆಳಗೆ ಯಾರೋ ಸತ್ತವರ ನೆನಪಿಗೆ ಹಾಕಿಸಿದ ಕಲ್ಲುಬೆಂಚು. ಬೋರ್ಡಿಲ್ಲದ ಸ್ಟಾಪು, ಕೈ ಅಡ್ಡ ಹಿಡಿದರೆ ಮಾತ್ರ ನಿಲ್ಲಿಸುವುದು. ಹನ್ನೆರಡಕ್ಕೆ ಶ್ರೀರಂಗಪಟ್ಟಣ ಬಿಟ್ಟ ಬಸ್ಸು ಒಂದೂ ಹತ್ತಕ್ಕೆ ಅಲ್ಲಿಗೆ ಬರಬೇಕು. ಬರುತ್ತಿತ್ತು. ಬಂದು ಮರ ಕಣ್ಣಿಗೆ ಬಿದ್ದ ಕೂಡಲೇ ಲ್ಯಾಪ್‌ಟಾಪಿನ ಫ್ಯಾನು ಗುಡುಗಿ, ಪರದೆ ಹಾಗೇ ನಿಂತುಬಿಡುತ್ತಿತ್ತು. ದಿನವೂ ಅದೇ ಜಾಗ, ಅದೇ ಗಳಿಗೆ. ಆಫ್ ಮಾಡಿ ಮತ್ತೆ ಹನ್ನೆರಡರಿಂದ ಹೊರಟರೂ ಅಷ್ಟೇ. ನಿಂತ ಚಿತ್ರದಲ್ಲಿ ಮರದ ಬುಡದ ನೆರಳಿನೊಳಗೆ ಉಗುರಿನಷ್ಟು ಒಂದು ಕೆಂಪು ಕಾಣುತ್ತಿತ್ತು.

ಮೊದಲ ಸಲ ಆ ಕೆಂಪು ಕಂಡಾಗ ಸಾಬರು ಕುರ್ಚಿಯಿಂದ ಎದ್ದು ಹೊರಗೆ ಹೋಗಿಬಿಟ್ಟರು. ಊಟಕ್ಕೂ ಬರಲಿಲ್ಲ. ಅಖ್ತರ್ ಬೇಗಂ ಹುಡುಕಿಕೊಂಡು ಹೋದರೆ ಕಾವೇರಿಯ ಸೋಪಾನದ ಮೇಲೆ ಬಿಸಿಲಲ್ಲಿ ಕೂತಿದ್ದರು.

ಆ ಕೆಂಪಿನ ವಿಷಯ ಹತ್ತೊಂಬತ್ತು ವರ್ಷದ್ದು. ಆಗ ಒಂದೇ ದಾರಿಯಲ್ಲಿ ಎರಡು ಖಾಸಗಿ ಬಸ್ಸು, ನಡುವೆ ಮೂರು ನಿಮಿಷದ ಟೈಮಿಂಗ್. ಮುಂದಿನವನು ಮೂರು ನಿಮಿಷ ತಡವಾದರೆ ಹಿಂದಿನವನು ದಾಟಿಕೊಂಡು ಹೋಗಿ ಮುಂದಿನ ಸ್ಟಾಪುಗಳ ಜನರನ್ನೆಲ್ಲ ತುಂಬಿಕೊಳ್ಳುತ್ತಾನೆ. ಡ್ರೈವರನ ಕಣ್ಣು ಒಂದು ರಸ್ತೆಯ ಮೇಲೆ, ಒಂದು ಕನ್ನಡಿಯ ಮೇಲೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಸಾಬರ ಬಸ್ಸು ಚಿನಕುರಳಿಯಲ್ಲೇ ತಡವಾಗಿತ್ತು. ಹುಣಸೆಮರದ ಕೆಳಗೆ ಒಬ್ಬ ಹೆಂಗಸು, ಹೆಗಲ ಮೇಲೆ ನಾಲ್ಕು ವರ್ಷದ ಕೂಸು, ಕೂಸಿಗೆ ಹೊದಿಸಿದ ಕೆಂಪು ಚೌಕಳಿ ಟವೆಲು. ಆ ಉರಿಬಿಸಿಲಲ್ಲಿ ಟವೆಲು ಹೊದಿಸಿದ್ದಾಳೆಂದರೆ ಜ್ವರವೇ ಇರಬೇಕು ಎಂದು ಸಾಬರಿಗೆ ಹೊಳೆಯಿತು. ಅವಳು ಕೈ ಅಡ್ಡ ಹಿಡಿದಳು. ಕನ್ನಡಿಯಲ್ಲಿ ಹಿಂದಿನ ಬಸ್ಸಿನ ಧೂಳು ಕಾಣುತ್ತಿತ್ತು. ಹೇಗೂ ಅದು ಬರುತ್ತಲ್ಲ, ಅದರಲ್ಲಿ ಹತ್ತುತ್ತಾಳೆ ಎಂದುಕೊಂಡು ಸಾಬರು ನಿಲ್ಲಿಸದೆ ಹೋದರು.

ಹಿಂದಿನ ಬಸ್ಸಿನ ಟೈರು ಆ ತಿರುವಿಗೆ ಅರ್ಧ ಮೈಲಿ ಹಿಂದೆಯೇ ಸಿಡಿದಿತ್ತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲವಂತೆ. ಎರಡು ಗಂಟೆ ಹೊತ್ತು ಆ ದಾರಿಯಲ್ಲಿ ಒಂದು ಗಾಡಿಯೂ ಬರಲಿಲ್ಲ. ಕೂಸು ಕಲ್ಲುಬೆಂಚಿನ ಮೇಲೆಯೇ ಹೋಯಿತು.

ಯಾರೂ ಸಾಬರನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೂರನೆಯ ದಿನ ಒಂದೂ ಹತ್ತಕ್ಕೆ ಬಸ್ಸು ಆ ತಿರುವಿಗೆ ಬಂದಾಗ ಹೆಂಗಸು ಅಲ್ಲೇ ನಿಂತಿದ್ದಳು. ಹೆಗಲ ಮೇಲೆ ಬರೀ ಟವೆಲು. ಕೈ ಅಡ್ಡ ಹಿಡಿಯಲಿಲ್ಲ. ಸಾಬರು ತಾವಾಗಿ ನಿಲ್ಲಿಸಿದರು. ಬಾಗಿಲು ತೆರೆಯಿತು. ಅವಳು ಹತ್ತಲಿಲ್ಲ, ಬಾಗಿಲೊಳಗಿನ ಖಾಲಿ ಮೆಟ್ಟಿಲನ್ನು ನೋಡುತ್ತ ನಿಂತಳು. ಮರುದಿನವೂ ಹಾಗೇ. ಹನ್ನೊಂದು ದಿನ ಹಾಗೇ ನಡೆಯಿತು. ಹನ್ನೆರಡನೆಯ ದಿನ ಅವಳಿರಲಿಲ್ಲ. ಹೇಮಗಿರಿ ಕಡೆಯ ತವರಿಗೆ ಹೋದಳೆಂದು ಯಾರೋ ಹೇಳಿದರು. ಅಲ್ಲಿಂದ ಮುಂದೆ ಹದಿನಾಲ್ಕು ವರ್ಷ ಸಾಬರು ಆ ಮರದ ಕೆಳಗೆ ಜನ ಇರಲಿ ಬಿಡಲಿ ಬಸ್ಸು ನಿಲ್ಲಿಸಿ ಹೊರಡುತ್ತಿದ್ದರು. ಮುದುಕನಿಗೆ ತಲೆ ಕೆಟ್ಟಿದೆ ಎಂದು ಪ್ಯಾಸೆಂಜರುಗಳು ಗೊಣಗುತ್ತಿದ್ದರು. ಹೆಂಡತಿಗೆ ಅವರು ಹೇಳಿದ್ದು ಇಷ್ಟೇ, ಕೆಂಪಣ್ಣ ರೈಟ್ ಅಂದ, ನಾನು ಎತ್ತಿದೆ. ಕೆಂಪಣ್ಣ ಎಂದರೆ ಆಗಿನ ಕಂಡಕ್ಟರು.

ಈಗ ಆಟದೊಳಗೆ ಅದೇ ಮರ, ಅದೇ ಗಳಿಗೆ, ಅದೇ ಕೆಂಪು. ಅಲ್ಲಿ ಯಾರು ನಿಂತಿದ್ದಾರೆ ಎಂದು ನೋಡಬೇಕು, ಒಂದು ಸಲ, ಒಂದೇ ಒಂದು ಸಲ ಅವರಿಗಾಗಿ ಬಸ್ಸು ನಿಲ್ಲಿಸಬೇಕು. ಕಲೀಂ ಸಾಬರಿಗೆ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಆಸೆ ಉಳಿಯಲಿಲ್ಲ.

ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಪಟ್ಟಣದ ಕಂಪ್ಯೂಟರ್ ಅಂಗಡಿಯ ರಾಘವೇಂದ್ರನ ಹತ್ತಿರ ಹೋದರು. ಅವನು ಬಿಚ್ಚಿ, ಧೂಳು ಊದಿ, ಆಟ ಓಡಿಸಿ ನೋಡಿದ. ಮರದ ಹತ್ತಿರ ನಿಂತಿತು.

"ಸಾಬ್ರೆ, ಅಲ್ಲಿ ಏನೋ ಭಾರವಾದ್ದು ಐತೆ. ಅದರ ಚಿತ್ರ ಬಿಡಿಸೋಕೆ ಇದರ ಕೈಲಿ ಆಗ್ತಾ ಇಲ್ಲ" ಅಂದ.

"ಏನಪ್ಪಾ ಭಾರ, ಒಂದ್ ಮರ, ಒಂದ್ ಕಲ್ಲು."

"ಅದೇ ನಂಗೂ ಗೊತ್ತಾಗ್ತಿಲ್ಲ. ಕೆ.ಆರ್.ಪೇಟೆ ಬಸ್ ಸ್ಟ್ಯಾಂಡಿಂದಲೇ ಆಟ ಶುರು ಮಾಡಿದ್ರೆ ಆರಾಮಾಗಿ ಬರ್ತದೆ. ಅಷ್ಟ್ ಜನ, ಅಷ್ಟ್ ಅಂಗಡಿ ಇದ್ರೂ ಬರ್ತದೆ. ಇಲ್ಲಿ ಮಾತ್ರ ಉಸಿರು ಕಟ್ತದೆ."

ರಾಘವೇಂದ್ರನೇ ಹೊಸ ಲ್ಯಾಪ್‌ಟಾಪಿನ ಮಾತು ತೆಗೆದವನು. ಇನ್ನೂ ಮಾರುಕಟ್ಟೆಗೆ ಬಂದಿಲ್ಲ, ಬರುವ ಮೊದಲೇ ಹೆಸರು ಬರೆಸಬೇಕು. ಆಟಕ್ಕೆಂದೇ ಮಾಡಿದ್ದು. ಅದರ ವಿಶೇಷವೆಂದರೆ ಯಾವ ಭಾಗವನ್ನು ಬೇಕಾದರೂ ಕಳಚಿ ಹೊಸದು ಕೂರಿಸಬಹುದು. ಚಿತ್ರ ಬಿಡಿಸುವ ಗ್ರಾಫಿಕ್ಸಿನ ಭಾಗವೇ ಒಂದು ಡಬ್ಬಿಯ ಹಾಗೆ ಹಿಂದಿನಿಂದ ಎಳೆದರೆ ಬರುತ್ತದೆ, ಈಗ ಚಿಕ್ಕದು ಹಾಕಿಕೊಂಡು ಆಮೇಲೆ ದೊಡ್ಡದು ಸಿಕ್ಕಾಗ ಅದನ್ನು ತಳ್ಳಿದರಾಯಿತು.

"ಬಾಡಿ ಅದೇ ಇಟ್ಕೊಂಡು ಎಂಜಿನ್ ಬದ್ಲಾಯ್ಸಿದಂಗೆ" ಅಂದರು ಸಾಬರು. ಅವರ ಮುಖ ಅರಳಿತು. ಹಣ ಹೇಗೆ ಹೊಂದಿಕೆಯಾಯಿತೆಂಬುದನ್ನು ಹೇಳುತ್ತ ಕೂರುವುದಿಲ್ಲ. ಅಲ್ಮಾಸ್ ಮದುವೆಗೆಂದು ತೆಗೆದಿಟ್ಟಿದ್ದರಲ್ಲಿ ಒಂದಿಷ್ಟನ್ನು ಅವಳೇ ಹಟ ಹಿಡಿದು ಸೇರಿಸಿದಳು, ಅಷ್ಟು ಸಾಕು.

ಮಾರ್ಚಿನಲ್ಲಿ ಬುಕ್ ಮಾಡಿದ್ದು. ಜೂನಿಗೆ ಬರುತ್ತದೆ ಎಂದಿತ್ತು. ಜೂನ್ ಹೋಗಿ ಆಗಸ್ಟ್ ಎಂದಾಯಿತು, ಮೊದಲ ಬ್ಯಾಚು ಮುಗಿಯಿತು, ನಿಮ್ಮದು ಮೂರನೆಯದು ಎಂದು ಮೇಲ್ ಬಂತು. ಸಾಬರು ದಿನವೂ ಮಗಳನ್ನು ಬಾಗಿಲಲ್ಲೇ ತಡೆದು ಕೇಳುತ್ತಿದ್ದರು.

"ಎಲ್ಲಿಗೆ ಬಂತಂತೆ?"

"ಹೊರಟೇ ಇಲ್ಲ ಅಬ್ಬಾ."

ಜೀವನವೆಲ್ಲ ಜನ ಇವರಿಗಾಗಿ ರಸ್ತೆ ಬದಿಯಲ್ಲಿ ಕಾದಿದ್ದರು, ಇವರು ಯಾರಿಗೂ ಕಾದವರಲ್ಲ. ಕಾಯುವುದೆಂದರೆ ಏನೆಂದು ಅರವತ್ತಮೂರನೆಯ ವಯಸ್ಸಿನಲ್ಲಿ ತಿಳಿಯಿತು. ಬರುವುದು ಬಂದೇ ಬರುತ್ತದೆ ಎಂದು ಗೊತ್ತಿದ್ದರೂ ಪ್ರತಿ ಸದ್ದಿಗೂ ಕಿವಿ ನಿಮಿರುವುದು, ದಾರಿಯ ಆ ತುದಿಯನ್ನೇ ಕಣ್ಣು ನೋಡುತ್ತಿರುವುದು. ಅಂಥ ಎರಡು ಗಂಟೆಯನ್ನು ಮಡಿಲಲ್ಲಿ ಜ್ವರದ ಕೂಸು ಇಟ್ಟುಕೊಂಡು ಕಳೆದವಳೊಬ್ಬಳನ್ನು ನೆನೆದು ಅವರು ಒಂದೊಂದು ದಿನ ಊಟದ ತಟ್ಟೆ ಸರಿಸಿ ಏಳುತ್ತಿದ್ದರು.

ಆದರೂ ಹಳೆಯ ಲ್ಯಾಪ್‌ಟಾಪಿನಲ್ಲಿ ಟ್ರಿಪ್ಪು ತಪ್ಪಲಿಲ್ಲ. ದಿನವೂ ಒಂದೂ ಹತ್ತಕ್ಕೆ ಚಿತ್ರ ನಿಲ್ಲುವುದು, ಅವರು ಆ ಕೆಂಪನ್ನು ನೋಡುತ್ತ ಕೂರುವುದು. ಸೆಪ್ಟೆಂಬರಿನಲ್ಲಿ ಒಂದು ದಿನ ಅವರು ಅಲ್ಮಾಸ್‌ಳನ್ನು ಕರೆದು ತೋರಿಸಿದರು.

"ಮೊನ್ನೆ ತನಕ ಬೆಂಚಿನ ಆ ತುದೀಲಿತ್ತು. ಈಗ ಈ ಕಡೆ ಬಂದೈತೆ ನೋಡವ್ವ. ರಸ್ತೆ ಕಡೆ."

ಅಲ್ಮಾಸ್ ಫೋನಿನಲ್ಲಿ ಹಿಂದೆ ಯಾವಾಗಲೋ ತೆಗೆದಿದ್ದ ಫೋಟೋ ಹುಡುಕಿ ಪಕ್ಕಕ್ಕೆ ಹಿಡಿದಳು. ಅಪ್ಪ ಹೇಳಿದ್ದು ನಿಜವಿತ್ತು. ಅವಳು ರಕ್ತವನ್ನು ಗಾಜಿನ ಮೇಲಿಟ್ಟು ಎಣಿಸುವ ಹುಡುಗಿ, ಕಂಡದ್ದನ್ನು ಕಂಡ ಹಾಗೇ ಬರೆದು ಅಭ್ಯಾಸ. ಅಂದೇ ಕೂತು, ಆ ರಸ್ತೆ ಮಾಡಿದ ಚೈತನ್ಯನಿಗೆ ಬರೆದಳು. ಹುಣಸೆಮರದ ಸ್ಟಾಪಿನಲ್ಲಿ ನೀವು ಯಾರನ್ನು ನಿಲ್ಲಿಸಿದ್ದೀರಿ, ಅದು ಏಕೆ ಅಲುಗಾಡುತ್ತದೆ ಎಂದು ಕೇಳಿದಳು.

ಎರಡು ದಿನ ಬಿಟ್ಟು ಉತ್ತರ ಬಂತು. ಅಲ್ಮಾಸ್ ಅದನ್ನು ಅಪ್ಪ ಅಮ್ಮ ಇಬ್ಬರ ಮುಂದೆಯೂ ಓದಿದಳು. "ನಾನು ಜನರನ್ನು ಹಾಕಿರೋದು ನಾಲ್ಕು ಬಸ್ ಸ್ಟ್ಯಾಂಡಲ್ಲಿ ಮಾತ್ರ. ನೀವು ಹೇಳ್ತಿರೋ ತಿರುವಲ್ಲಿ ನಾನು ಯಾರನ್ನೂ ನಿಲ್ಲಿಸಿಲ್ಲ. ಅಲ್ಲಿ ಮರಾನೂ ಹಾಕಿಲ್ಲ, ಬೆಂಚೂ ಹಾಕಿಲ್ಲ. ಹೋದ ವರ್ಷ ನಾನು ಬೈಕಲ್ಲಿ ಹೋಗಿ ಫೋಟೋ ತೆಗೆಯೋ ಹೊತ್ತಿಗೆ ರಸ್ತೆ ಅಗಲ ಮಾಡೋಕೆ ಎಲ್ಲಾ ತೆಗೆದುಬಿಟ್ಟಿದ್ರು. ನನ್ನ ಹತ್ರ ಅಲ್ಲಿ ಬರೀ ರಸ್ತೆ ಇದೆ. ನೀವು ನೋಡ್ತಿರೋ ಚಿತ್ರ ಕಳಿಸ್ತೀರಾ?"

ಹೊರಗೆ ದೇವಸ್ಥಾನದ ಕಡೆಯಿಂದ ಹೂ ಮಾರುವವರ ಕೂಗು ಕೇಳುತ್ತಿತ್ತು. ಅಖ್ತರ್ ಬೇಗಂ ಹಣೆಯ ಬೆವರು ಒರೆಸಿಕೊಂಡು, ಒಳಗೊಳಗೇ ದುವಾ ಹೇಳಿಕೊಂಡು ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರು.

"ಅದು ಬೇಡ ರೀ. ಆ ಹೊಸದನ್ನ ಕ್ಯಾನ್ಸಲ್ ಮಾಡ್ಸಿ. ಕಾಣದೇ ಇರೋದನ್ನ ಕಾಣೋ ಹಂಗೆ ಮಾಡ್ಕೊಳೋದು ಯಾಕೆ?"

ಕಂಪನಿಯಿಂದ ಹೊರಡುವ ತನಕ ಬೇಡವೆನ್ನಲು ಅವಕಾಶವಿತ್ತು, ಹೊರಡಲು ಇನ್ನು ಮೂರೇ ದಿನ. ನಾಳೆ ಹೇಳುತ್ತೇನೆ ಎಂದು ಸಾಬರು ಎದ್ದರು. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಪಾಂಡವಪುರಕ್ಕೆ ಹೋದರು. ಕೆಂಪಣ್ಣ ಅಲ್ಲಿ ಬಸ್ ಸ್ಟ್ಯಾಂಡಿನ ಪಕ್ಕ ಟೀ ಅಂಗಡಿ ಇಟ್ಟುಕೊಂಡಿದ್ದ. ಸೊಂಟ ಬಾಗಿದ್ದರೂ ಕಂಠ ಹಳೆಯದೇ, ಟೀ ಕುಡಿದು ಎದ್ದವರಿಗೆ ಅಭ್ಯಾಸಬಲದಿಂದ ರೈಟ್ ಅನ್ನುತ್ತಿದ್ದ.

"ಕೆಂಪಣ್ಣ, ಉಣಸೆಮರದ ಸ್ಟಾಪು ಗ್ಯಾಪಕ ಐತಾ?"

ಕೆಂಪಣ್ಣ ಸೋಸುತ್ತಿದ್ದ ಟೀಯನ್ನು ಅಲ್ಲಿಗೇ ನಿಲ್ಲಿಸಿದ. "ಮರ್ತಿದ್ರೆ ತಾನೆ ಗ್ಯಾಪಕ ಮಾಡ್ಕಳಾದು. ಏನೀಗ ಅದು?"

"ಅವತ್ತು ನೀನು ರೈಟ್ ಅಂದೆ. ಅದ್ಕೇ ನಾನು ಎತ್ಕೊಂಡೋದೆ."

ಕೆಂಪಣ್ಣ ಪಾತ್ರೆ ಕೆಳಗಿಟ್ಟು, ಬೆಂಚು ಸುತ್ತಿ ಬಂದು ಸಾಬರ ಪಕ್ಕ ಕೂತ.

"ಕಲೀಮಣ್ಣ, ಇಷ್ಟ್ ವರ್ಸ ನೀ ಎಲ್ರಿಗೂ ಅಂಗೇ ಯೋಳ್ಕೊಂಡ್ ಬಂದೆ. ಓಗ್ಲಿ ಬುಡು, ನಿನ್ ಜೀವಕ್ಕೆ ಸಮಾಧಾನ ಆಯ್ತದೆ ಅಂದ್ರೆ ನನ್ ಮೇಲೇ ಇರ್ಲಿ ಅಂತ ನಾನೂ ಸುಮ್ಕಿದ್ದೆ. ನಾನು ತಟ್ಟಿದ್ದು ಒಂದೇ ಸಲ ಕಣಪ್ಪ."

"ಗೊತ್ತು" ಅಂದರು ಸಾಬರು.

"ಕೇಳಿಸ್ತಾ ನಿಂಗೆ ಅವತ್ತು?"

"ಕೇಳಿಸ್ತು."

ಅಷ್ಟು ಹೇಳಿ ಸಾಬರು ಬೆಂಚಿನ ಮೇಲೆ ಮುಂದಕ್ಕೆ ಬಾಗಿ ಕೂತರು. ಕೆಂಪಣ್ಣ ಅವರ ಬೆನ್ನ ಮೇಲೆ ಕೈ ಇಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಹತ್ತೊಂಬತ್ತು ವರ್ಷ ಇನ್ನೊಬ್ಬನ ಸುಳ್ಳನ್ನು ತನ್ನ ಹೆಗಲ ಮೇಲೆ ಹೊತ್ತುಕೊಂಡವನನ್ನು ಏನೆಂದು ಕರೆಯಬೇಕೋ ನನಗಂತೂ ತಿಳಿಯದು. ಹೊರಡುವಾಗ ಸಾಬರು ಇನ್ನೊಂದು ಮಾತು ಕೇಳಿದರು.

"ಆಯಮ್ಮ ಬದುಕವ್ಳಾ?"

"ಅವ್ಳೆ. ಮಾದಮ್ಮ ಅಂತ ಎಸ್ರು. ಓದ್ ವರ್ಸ ಏಮಗಿರೀಲಿ ದನ ನೋಡಕ್ಕೋಗಿದ್ದೆ, ಅಲ್ಲಿ ಕಂಡ್ಲು. ತಲೆಯೆಲ್ಲ ಬೆಳ್ಳಗಾಗೈತೆ. ನನ್ ಗುರ್ತು ಇಡೀನಿಲ್ಲ. ಎಗಲ ಮೇಲೆ ಅದೇ ಟವೆಲು, ಬಣ್ಣ ಓಗ್ಬುಟ್ಟೈತೆ."

ಸಾಬರು ಮನೆಗೆ ಬಂದು ಹೆಂಡತಿಯ ಎದುರು ಕೂತು, ಕೆಂಪಣ್ಣ ತಟ್ಟಿದ್ದು ಎಷ್ಟು ಸಲ ಎಂಬುದನ್ನು ಹೇಳಿದರು. ಆಮೇಲೆ ಸಾಬರು, ಅದು ಬರಲಿ, ಕ್ಯಾನ್ಸಲ್ ಬೇಡ ಅಂದರು. ಅಖ್ತರ್ ಬೇಗಂ ಆಗಲಿ ಎಂದು ತಲೆಯಾಡಿಸಿದರು.

ಲ್ಯಾಪ್‌ಟಾಪು ಅಕ್ಟೋಬರಿನ ಒಂದು ಮಂಗಳವಾರ ಬೆಳಿಗ್ಗೆ ಬಂತು. ರಾಘವೇಂದ್ರ ಅಂಗಡಿಗೆ ಬೀಗ ಹಾಕಿ ಬಂದು, ಗ್ರಾಫಿಕ್ಸಿನ ಡಬ್ಬಿಯನ್ನು ಹಿಂದಿನಿಂದ ತಳ್ಳಿ ಕೂರಿಸಿ, ಆಟ ಹಾಕಿಕೊಟ್ಟ. ಇದು ಚಿಕ್ಕದು, ದೊಡ್ಡದು ಮುಂದಿನ ಬ್ಯಾಚಿನಲ್ಲಿ ಬರುತ್ತದೆ, ಅದು ಬಂದರೆ ಜನರ ಮುಖದ ಗೆರೆ ಸಮೇತ ಕಾಣುತ್ತದೆ ಎಂದು ಹೇಳಿ ಹೋದ. ಅಲ್ಮಾಸ್ ಕೆಲಸಕ್ಕೆ ಹೋಗಿದ್ದಳು. ಹನ್ನೆರಡಾಗಲು ಹತ್ತು ನಿಮಿಷವಿತ್ತು. ಸಾಬರು ನಮಾಜಿಗೆ ಮೊದಲಿನ ಹಾಗೆ ಕೈಕಾಲು ಮುಖ ತೊಳೆದು ವುಜು ಮಾಡಿ ಖಾಕಿ ಅಂಗಿ ತೊಟ್ಟರು.

ಹೊಸ ಯಂತ್ರದಲ್ಲಿ ರಸ್ತೆ ನೀರಿನ ಮೇಲೆ ಹೋದ ಹಾಗಿತ್ತು. ಕಬ್ಬಿನ ಗದ್ದೆಯ ಗರಿಗಳು ಒಂದೊಂದಾಗಿ ಅಲುಗುತ್ತಿದ್ದವು. ಪಾಂಡವಪುರದಲ್ಲಿ ಜನ ಹತ್ತಿದರು, ಪರದೆಯ ಮೂಲೆಯಲ್ಲಿ ಒಳಗಿರುವವರ ಲೆಕ್ಕ ಏರಿತು. ಅಡುಗೆಮನೆಯಿಂದ ಸೌಟಿನ ಎರಡು ಪೆಟ್ಟು ಬಿತ್ತು, ಬಸ್ಸು ಹೊರಟಿತು. ಚಿನಕುರಳಿಯಲ್ಲಿ ಎಲ್ಲರೂ ಇಳಿದುಬಿಟ್ಟರು. ಯಾವತ್ತೂ ಹಾಗಾಗಿರಲಿಲ್ಲ. ಮೂಲೆಯ ಲೆಕ್ಕ ಸೊನ್ನೆಗೆ ಬಂತು. ಖಾಲಿ ಬಸ್ಸು ಮುಂದೆ ಹೋಯಿತು.

ಒಂದೂ ಹತ್ತಕ್ಕೆ ಮರ ಕಂಡಿತು. ಚಿತ್ರ ನಿಲ್ಲಲಿಲ್ಲ.

ಬೆಂಚಿನ ಮೇಲೆ ಹೆಂಗಸು ಇರಲಿಲ್ಲ. ಕೂಸೊಂದೇ ಕೂತಿತ್ತು, ಕಾಲು ನೆಲಕ್ಕೆ ಎಟುಕದೆ ತೂಗಾಡುತ್ತಿತ್ತು. ಮೈಮೇಲೆ ಕೆಂಪು ಚೌಕಳಿ ಟವೆಲು. ಮುಖವಿರಬೇಕಾದ ಜಾಗದಲ್ಲಿ ಇನ್ನೂ ಬಿಡಿಸದ ಮಂಕು ಬಣ್ಣ ಮಾತ್ರ. ಬಸ್ಸು ಹತ್ತಿರ ಬಂದ ಹಾಗೆ ಅದು ಬೆಂಚಿನಿಂದ ಜಾರಿ ಇಳಿದು, ರಸ್ತೆಯ ಅಂಚಿಗೆ ಬಂದು, ಕೈ ಅಡ್ಡ ಹಿಡಿಯಿತು.

ಸಾಬರು ಬ್ರೇಕು ಒತ್ತಿದರು. ಬಾಗಿಲು ತೆರೆದರು. ಟವೆಲಿನ ತುದಿ ಮೆಟ್ಟಿಲ ಮೇಲೆ ಎಳೆದುಕೊಂಡು ಹೋಗುವುದು ಕಂಡಿತು. ಮೂಲೆಯ ಲೆಕ್ಕ ಒಂದು ಎಂದು ತೋರಿಸಿತು. ಆಟದ ಬಸ್ಸಿನೊಳಗೂ ಡ್ರೈವರನ ತಲೆಯ ಮೇಲೆ ಕನ್ನಡಿಯಿದೆ. ಅದರಲ್ಲಿ ಅವರ ಹಿಂದಿನ ಸೀಟಿನ ಅಂಚಿನಿಂದ ಕೆಂಪು ಮೊಳಕೈಯಷ್ಟು ಇಣುಕುತ್ತಿತ್ತು, ತಲೆ ಸೀಟಿನ ಎತ್ತರಕ್ಕೆ ಬರುತ್ತಿರಲಿಲ್ಲ. ಸಾಬರ ಕಣ್ಣಲ್ಲಿ ನೀರು ಇಳಿಯಿತು. ಹೊರಟರೆ ಅರ್ಧ ಗಂಟೆಯಲ್ಲಿ ಕೆ.ಆರ್.ಪೇಟೆ. ಆಸ್ಪತ್ರೆ ಎಲ್ಲಿದೆ ಎಂದು ಅವರಿಗೆ ಗೊತ್ತು.

ಅಡುಗೆಮನೆಯಿಂದ ಸೌಟಿನ ಪೆಟ್ಟು ಎರಡು ಸಲ ಬಿತ್ತು. "ರೈಟ್" ಅಂದರು ಅಖ್ತರ್ ಬೇಗಂ.

ಸಾಬರು ಗೇರಿಗೆ ಕೈ ಹಾಕಿದರು. ಆಗ ಅವರ ಕುರ್ಚಿಯ ಹಿಂಬದಿಗೆ ಯಾರೋ ತಟ್ಟಿದರು. ಅಂಗೈಯಿಂದ, ಒಂದೇ ಸಲ. ಪೆಟ್ಟು ಬಿದ್ದದ್ದು ಬಹಳ ಕೆಳಗೆ, ಸೊಂಟಕ್ಕೂ ಕೆಳಗೆ.

ಅಖ್ತರ್ ಬೇಗಂ ಸೌಟು ಹಿಡಿದೇ ಬಾಗಿಲಿಗೆ ಬಂದರು. "ಯಾರ್ರೀ ತಟ್ಟಿದ್ದು?"

ನಡುಮನೆಯಲ್ಲಿ ಸಾಬರ ವಿನಾ ಯಾರೂ ಇರಲಿಲ್ಲ. ಬೀದಿಯ ಬಾಗಿಲ ಚಿಲಕ ಹಾಕಿತ್ತು. ಸಾಬರು ಹಿಂತಿರುಗಿ ನೋಡಲಿಲ್ಲ. ಗೇರಿನ ಮೇಲಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಈ ಸಲ ನಿಲ್ಸಿದ್ದೀನಿ" ಅಂದರು.

ಅದಾಗಿ ಈಗ ನಾಲ್ಕು ತಿಂಗಳು. ಲ್ಯಾಪ್‌ಟಾಪು ಹೊಲಿಗೆ ಮೇಜಿನ ಮೇಲೆ ಆನಾಗಿಯೇ ಇದೆ. ಕರೆಂಟು ಹೋದರೆ ಎಂದು ಇನ್ವರ್ಟರು ಹಾಕಿಸಿದ್ದಾರೆ. ಅಖ್ತರ್ ಬೇಗಂ ಹೊಲಿಗೆಯನ್ನು ಪಡಸಾಲೆಗೆ ಸಾಗಿಸಿಕೊಂಡರು. ಪರದೆಯ ಮೇಲೆ ಹಳದಿ ಪಟ್ಟಿಯ ಬಸ್ಸು ಇಲ್ಲದ ಮರದ ಕೆಳಗೆ ಬಾಗಿಲು ತೆರೆದುಕೊಂಡು ನಿಂತಿದೆ, ಎಂಜಿನ್ನು ಗುರುಗುಟ್ಟುತ್ತಿದೆ, ಮೂಲೆಯಲ್ಲಿ ಒಂದು. ಸಾಬರು ಮಧ್ಯಾಹ್ನದ ಹೊತ್ತು ಅದರ ಮುಂದೆ ಕೂರುತ್ತಾರೆ, ಏನೂ ಓಡಿಸುವುದಿಲ್ಲ. ಕಿಟಕಿಯಲ್ಲಿ ಇಣುಕಿ ನಗುತ್ತಿದ್ದವರು ಈಗ ಆ ಕಿಟಕಿಯ ಕಡೆ ನೋಡದೆ ಬೇಗ ಬೇಗ ದಾಟಿ ಹೋಗುತ್ತಾರೆ.

ಹೋದ ವಾರ ದೊಡ್ಡ ಗ್ರಾಫಿಕ್ಸಿನ ಡಬ್ಬಿ ಬಂತು. ರಾಘವೇಂದ್ರ ಅದನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದ.

"ಐದೇ ನಿಮಿಷ ಸಾಬ್ರೆ. ಆಫ್ ಮಾಡಿ, ಹಳೇದು ಎಳೆದು, ಇದನ್ನ ತಳ್ಳೋದು. ಆಮೇಲೆ ನೋಡಿ, ಮುಖ ಎಷ್ಟು ಚೆನ್ನಾಗಿ ಕಾಣ್ತದೆ ಅಂತ."

"ಆಫ್ ಮಾಡ್ಬೇಡ ಕಣಪ್ಪ" ಅಂದರು ಸಾಬರು. "ಒಳಗೆ ಕೂಸೈತೆ."

ರಾಘವೇಂದ್ರ ಪರದೆಯನ್ನು ನೋಡಿದ, ಮೂಲೆಯ ಲೆಕ್ಕ ನೋಡಿದ, ಅಖ್ತರ್ ಬೇಗಂ ಅವರ ಮುಖ ನೋಡಿದ. ಅವರು ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದರು. ಭಾಗ ಭಾಗ ಬದಲಾಯಿಸಬಹುದು ಎಂದೇ ಏಳು ತಿಂಗಳು ಕಾದು ತರಿಸಿದ ಯಂತ್ರದ ಒಂದು ತಿರುಪೂ ಇವತ್ತಿನವರೆಗೆ ಸಡಿಲವಾಗಿಲ್ಲ. ಡಬ್ಬಿ ಕಾಗದ ಬಿಚ್ಚದೆ ಬೀರುವಿನ ಮೇಲಿದೆ.

"ಕೂಸ್ ಇದ್ರೆ ಹೊರಡಬಾರ್ದಾ ಸಾಬ್ರೆ? ಯಾಕೆ ನಿಂತಿದ್ದೀರಿ?" ರಾಘವೇಂದ್ರ ಕೇಳಿದ. ತನ್ನ ದನಿ ಇಷ್ಟು ಸಣ್ಣಗಾದದ್ದು ಅವನಿಗೇ ಆಶ್ಚರ್ಯವಾಗಿರಬೇಕು.

"ಒಂದೇ ಸಲ ತಟ್ಟೈತೆ. ಇನ್ನೊಬ್ರು ಬಸ್ ಅತ್ತೋರವ್ರೆ ಅಂತ. ಅವ್ರವ್ವ ಬರ್ಬೇಕು."

"ಯಾವಾಗ ಬರ್ತಾರೆ?"

ಕಲೀಂ ಸಾಬರು ತೆರೆದ ಬಾಗಿಲನ್ನೇ ನೋಡುತ್ತಿದ್ದರು. "ಆಯಮ್ಮ ಏಮಗಿರೀಲವ್ಳೆ. ನೂರ್ ವರ್ಸ ಬದುಕ್ಲಿ. ನಿಧಾನಕ್ಕೆ ಬರ್ಲಿ ಬುಡು. ನಂಗೀಗ ಟೈಮಿಂಗ್ ಇಲ್ಲ" ಅಂದರು.